ಹಣ, ವಿನ್ಯಾಸ, ದತ್ತಾಂಶ ಕೈದಾಟುವ ಮುನ್ನ: ಚೀನಾದ ಪಾಲುದಾರರೊಂದಿಗೆ ವ್ಯವಹರಿಸುವ ಕ್ರಮ

ಮಾದರಿಗೆಂದು ತರಿಸಿದ ಬಿಡಿಭಾಗಗಳು ಅಳತೆಗೆ ಸರಿಯಾಗಿ ಕೂರುತ್ತವೆ. ಆ ಭರವಸೆಯ ಮೇಲೆ ಮುಂಗಡ ಕಟ್ಟಿ ದೊಡ್ಡ ಲಾಟು ತರಿಸಿದರೆ ಲೋಹದ ಗುಣವೇ ಬೇರೆಯಾಗಿರುತ್ತದೆ. ಕರಾರು ತೆಗೆದು ನೋಡಿದರೆ ಕೈಯಲ್ಲಿರುವುದು ಒಂದು ಪುಟದ ಪ್ರೊಫಾರ್ಮಾ ಇನ್‌ವಾಯ್ಸ್ ಮಾತ್ರ. ಲೋಹದ ದರ್ಜೆಯಾಗಲಿ ತಪಾಸಣೆಯ ಕ್ರಮವಾಗಲಿ ಅದರಲ್ಲಿ ಇಲ್ಲ. ಚೀನಾದಿಂದ ಸರಕು ತರಿಸುವ ಪೀಣ್ಯದ ವರ್ಕ್‌ಶಾಪಿನಿಂದ ಹುಬ್ಬಳ್ಳಿಯ ಸಗಟು ವ್ಯಾಪಾರಿಯವರೆಗೆ ಅನೇಕರಿಗೆ ಈ ತೊಂದರೆ ಗೊತ್ತು. ಸಂಶೋಧಕರಿಗೆ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಜಂಟಿ ಪ್ರಬಂಧಕ್ಕೆ ಒಪ್ಪಿ, ದತ್ತಾಂಶ ಹಂಚಿಕೊಂಡು, ಪ್ರಬಂಧ ಪ್ರಕಟವಾದ ಮೇಲೆ ಅನುಮತಿ ಪತ್ರ ಎಲ್ಲಿದೆ ಎಂಬ ಪ್ರಶ್ನೆ ಎದುರಾಗುತ್ತದೆ.

ಇಂಥ ಹೊತ್ತಿನಲ್ಲಿ ಎರಡು ಸಲಹೆಗಳು ಸುಲಭವಾಗಿ ಸಿಗುತ್ತವೆ: ಚೀನಾದ ಸಹವಾಸವೇ ಬೇಡ ಎನ್ನುವುದು ಒಂದು, ಬಿಗಿಯಾದ ಕರಾರು ಬರೆಸಿಕೊಂಡರೆ ಸಾಕು ಎನ್ನುವುದು ಇನ್ನೊಂದು. ಇವೆರಡೂ ಸಾಲವು. ಗಡಿಯಾಚೆಯ ವಹಿವಾಟಿನಲ್ಲಿ ಹಾನಿಯಾದ ಮೇಲೆ ಸಿಗುವ ಪರಿಹಾರ ನಿಧಾನವಾದದ್ದು, ದುಬಾರಿಯಾದದ್ದು, ಹಲವು ಸಲ ಸಿಗದೇ ಹೋಗುವಂಥದ್ದು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ. ಆದ್ದರಿಂದ ನಿಮ್ಮ ರಕ್ಷಣೆ ಇರುವುದು ಮೊದಲೇ ಕಟ್ಟಿಕೊಂಡ ಕ್ರಮದಲ್ಲಿ: ಯಾವುದನ್ನು, ಯಾವ ಖಾತರಿ ಸಿಕ್ಕಿದ ಮೇಲೆ, ಎಷ್ಟರ ಮಟ್ಟಿಗೆ ಕೈಬಿಡುತ್ತೀರಿ ಎಂಬುದರಲ್ಲಿ. ಈ ಲೇಖನದ ಎಲ್ಲ ಸಲಹೆಗಳೂ ಈ ಒಂದು ಮಾತಿನಿಂದಲೇ ಹುಟ್ಟಿದವು.

ಅಪಾಯ ಎಲ್ಲಿಂದ ಬರುತ್ತದೆ?

ಅಪಾಯಗಳು ಮೂರು ಬಗೆಯವು: ಪಾಲುದಾರರಿಂದ ಬರುವುದು, ಅವಲಂಬನೆಯಿಂದ ಬರುವುದು, ಸರ್ಕಾರಗಳಿಂದ ಬರುವುದು. ಮೊದಲ ಎರಡಕ್ಕೆ ಅಮೆರಿಕದ ಎಎಂಎಸ್‌ಸಿ ಕಂಪನಿಯ ಪ್ರಕರಣ ಸ್ಪಷ್ಟ ಉದಾಹರಣೆ. ಗಾಳಿಯಂತ್ರಗಳ ನಿಯಂತ್ರಣ ತಂತ್ರಾಂಶ ತಯಾರಿಸುತ್ತಿದ್ದ ಈ ಕಂಪನಿಯ ವರಮಾನದಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚು ಚೀನಾದ ಸಿನೊವೆಲ್ ಎಂಬ ಒಂದೇ ಗ್ರಾಹಕನಿಂದ ಬರುತ್ತಿತ್ತು. 2011ರಲ್ಲಿ ಸಿನೊವೆಲ್ ಇದ್ದಕ್ಕಿದ್ದಂತೆ ಸರಕು ಪಡೆಯುವುದನ್ನು ನಿಲ್ಲಿಸಿತು. ಆಗ ಅದು ಕೊಡಬೇಕಿದ್ದ ಬಾಕಿಯೇ 10 ಕೋಟಿ ಡಾಲರ್‌ಗೂ ಹೆಚ್ಚು. ಕೆಲವು ತಿಂಗಳಲ್ಲಿ ಕಂಪನಿಯ ತಂತ್ರಜ್ಞರಿಗೆ ತಮ್ಮ ತಂತ್ರಾಂಶದ ಕದ್ದ ಪ್ರತಿ ಚೀನಾದ ಗಾಳಿಯಂತ್ರದಲ್ಲಿ ಓಡುತ್ತಿರುವುದು ಕಂಡಿತು. ಕಂಪನಿ ತನ್ನ ತಂತ್ರಾಂಶಕ್ಕೆ ಬೀಗ ಹಾಕದೆ ಇರಲಿಲ್ಲ. ಆದರೆ ಅದರ ಆಸ್ಟ್ರಿಯಾ ಶಾಖೆಯ ಉದ್ಯೋಗಿಯೊಬ್ಬನಿಗೇ ಹಣದ ಆಮಿಷ ಒಡ್ಡಿ ಮೂಲ ಸಂಕೇತವನ್ನು ಪಡೆಯಲಾಗಿತ್ತು. ಅಮೆರಿಕದ ನ್ಯಾಯಾಲಯದಲ್ಲಿ ಸಿನೊವೆಲ್ ತಪ್ಪಿತಸ್ಥ ಎಂದು ತೀರ್ಮಾನವಾದದ್ದು 2018ರಲ್ಲಿ. ರಾಜಿಯಲ್ಲಿ ಒಪ್ಪಿದ ಮೊತ್ತ 5.75 ಕೋಟಿ ಡಾಲರ್. ಗೆದ್ದವರಿಗೂ ಏಳು ವರ್ಷ ಹಿಡಿಯಿತು, ಸಿಕ್ಕ ಹಣ ಹಳೆಯ ಬಾಕಿಗೂ ಸಾಲಲಿಲ್ಲ. ಕಳ್ಳತನದಷ್ಟೇ ದೊಡ್ಡ ಪೆಟ್ಟು ಕೊಟ್ಟದ್ದು ಒಬ್ಬನೇ ಗ್ರಾಹಕನ ಮೇಲಿನ ಅವಲಂಬನೆ.

ಮೂರನೆಯ ಬಗೆಯ ಅಪಾಯವನ್ನು ಬೆಂಗಳೂರೇ ಅನುಭವಿಸಿದೆ. ನಮ್ಮ ಮೆಟ್ರೊಗೆ 216 ಬೋಗಿ ಪೂರೈಸುವ ಗುತ್ತಿಗೆ 2019ರಲ್ಲಿ ಚೀನಾದ ಸಿಆರ್‌ಆರ್‌ಸಿ ಕಂಪನಿಗೆ ದೊರೆಯಿತು. ಹೆಚ್ಚಿನ ಬೋಗಿಗಳನ್ನು ಭಾರತದಲ್ಲೇ ತಯಾರಿಸಬೇಕಿತ್ತು. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪ್ರೆಸ್ ನೋಟ್ 3 ಹೊರಡಿಸಿ, ಭೂಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಪೂರ್ವಾನುಮತಿ ಕಡ್ಡಾಯ ಮಾಡಿತು. ಜೂನ್‌ನಲ್ಲಿ ಗಲ್ವಾನ್‌ನಲ್ಲಿ ಭಾರತ, ಚೀನಾ ಸೈನಿಕರ ನಡುವೆ ಸಂಘರ್ಷ ನಡೆಯಿತು. ಕಂಪನಿಗೆ ಇಲ್ಲಿ ಕಾರ್ಖಾನೆ ತೆರೆಯಲಾಗಲಿಲ್ಲ. ಕೊನೆಗೆ ಕೋಲ್ಕತ್ತದ ಟೀಟಾಗಢ ಕಂಪನಿಯೊಂದಿಗೆ ಕೈಜೋಡಿಸಬೇಕಾಯಿತು. ಚೀನಾದಲ್ಲಿ ತಯಾರಾದ ಮೊದಲ ರೈಲು ಬೆಂಗಳೂರು ತಲುಪಿದ್ದು 2024ರ ಫೆಬ್ರುವರಿಯಲ್ಲಿ. ಈ ಬೋಗಿಗಳಿಗೆ ಕಾದಿದ್ದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದಾಗ ಕೈಯಲ್ಲಿದ್ದದ್ದು ಮೂರೇ ರೈಲು. ತಡಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಇಲ್ಲಿ ಯಾರೂ ಯಾರಿಗೂ ಮೋಸ ಮಾಡಿರಲಿಲ್ಲ. ಸಹಿಯಾದ ಮೇಲೆ ನಿಯಮ ಬದಲಾಯಿತು, ಅಷ್ಟೆ.

ಬೀಜಿಂಗ್ ಕಡೆಯಿಂದಲೂ ಹೀಗೆಯೇ ಆಗುತ್ತದೆ. 2025ರ ಏಪ್ರಿಲ್ 4ರಂದು ಚೀನಾ ಏಳು ರೇರ್ ಅರ್ತ್ ಲೋಹಗಳಿಗೂ ಅವುಗಳಿಂದಾಗುವ ಅಯಸ್ಕಾಂತಗಳಿಗೂ ರಫ್ತು ಪರವಾನಗಿ ಕಡ್ಡಾಯ ಮಾಡಿತು. ನಮ್ಮ ವಿದ್ಯುತ್ ವಾಹನ ತಯಾರಕರು ಅಯಸ್ಕಾಂತಗಳಿಗಾಗಿ ತಿಂಗಳುಗಟ್ಟಲೆ ಪರದಾಡಿದರು. ಪಾಲುದಾರ ಎಷ್ಟೇ ಪ್ರಾಮಾಣಿಕನಾಗಿದ್ದರೂ ಈ ಅಪಾಯ ತಪ್ಪುವುದಿಲ್ಲ. ಹಾಗಾಗಿ ಒಳ್ಳೆಯವರನ್ನು ಹುಡುಕುವ ಕೆಲಸಕ್ಕಿಂತ ಮುಂದೆ ಹೋಗಿ ಯೋಚಿಸಬೇಕು.

ವಹಿವಾಟಿಗೆ ಆರು ಹೆಜ್ಜೆಗಳು

1. ಕಂಪನಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಚೀನಾದ ಪ್ರತಿ ನೋಂದಾಯಿತ ಕಂಪನಿಗೂ 18 ಅಕ್ಷರ-ಅಂಕಿಗಳ ಏಕೀಕೃತ ಸಂಕೇತ ಸಂಖ್ಯೆ ಇರುತ್ತದೆ. ವ್ಯಾಪಾರ ಪರವಾನಗಿಯ ಪ್ರತಿ ಕೇಳಿ. ಆ ಸಂಖ್ಯೆಯನ್ನು ಚೀನಾ ಸರ್ಕಾರದ ಉದ್ಯಮ ಮಾಹಿತಿ ಜಾಲತಾಣದಲ್ಲಿ ಹುಡುಕಿದರೆ ಸ್ಥಾಪನೆಯ ವರ್ಷ, ಬಂಡವಾಳ, ಕಾನೂನುಬದ್ಧ ಪ್ರತಿನಿಧಿ, ಅನುಮತಿ ಪಡೆದ ವ್ಯವಹಾರಗಳು ಎಲ್ಲ ಕಾಣುತ್ತವೆ. ಮಾಹಿತಿ ಚೀನೀ ಭಾಷೆಯಲ್ಲಿರುವುದರಿಂದ ಬಲ್ಲವರ ನೆರವು ಬೇಕಾಗಬಹುದು. ಇಂಗ್ಲಿಷ್ ಹೆಸರಿಗೆ ಅಲ್ಲಿ ಕಾನೂನಿನ ಬೆಲೆಯಿಲ್ಲ. ಚೀನೀ ಲಿಪಿಯ ಹೆಸರೇ ನಿಜವಾದ ಹೆಸರು. ಕಾರ್ಖಾನೆ ಎಂದುಕೊಂಡದ್ದು ವ್ಯಾಪಾರಿ ಕಂಪನಿ ಎಂದು ತಿಳಿಯುವುದೂ ಇಲ್ಲಿಯೇ. ವ್ಯಾಪಾರಿಯಿಂದ ಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಸರಕು ಕೆಟ್ಟರೆ ಯಾರು ಹೊಣೆ ಎಂಬುದು ಮೊದಲೇ ಗೊತ್ತಿರಬೇಕು.

2. ವಿನ್ಯಾಸ ತೋರಿಸುವ ಮುನ್ನ ಮೂರು ಮಾತು ಬರೆಸಿಕೊಳ್ಳಿ. ನಮ್ಮಲ್ಲಿ ರೂಢಿಯಲ್ಲಿರುವ ಗೋಪ್ಯತಾ ಪತ್ರ ಗುಟ್ಟನ್ನು ಹೊರಗೆ ಹೇಳಬಾರದು ಎನ್ನುತ್ತದೆ. ಆದರೆ ಕಾರ್ಖಾನೆ ಯಾರಿಗೂ ಹೇಳದೆ ತಾನೇ ನಿಮ್ಮ ವಿನ್ಯಾಸದ ಸರಕು ಮಾಡಿ ಮಾರಬಹುದು. ಆದ್ದರಿಂದ ಬಯಲು ಮಾಡಬಾರದು, ಸ್ವಂತಕ್ಕೆ ಬಳಸಬಾರದು, ನಿಮ್ಮನ್ನು ಬಿಟ್ಟು ನಿಮ್ಮ ಗ್ರಾಹಕರನ್ನು ನೇರ ಹಿಡಿಯಬಾರದು ಎಂಬ ಮೂರೂ ಇರುವ ಎನ್‌ಎನ್‌ಎನ್ ಒಪ್ಪಂದ ಬೇಕು. ಅದು ಚೀನೀ ಭಾಷೆಯಲ್ಲಿರಲಿ, ಉಲ್ಲಂಘನೆಗೆ ಇಂತಿಷ್ಟು ದಂಡ ಎಂಬ ಮೊತ್ತ ನಮೂದಾಗಿರಲಿ, ಕೆಳಗೆ ಕಂಪನಿಯ ನೋಂದಾಯಿತ ಮೊಹರು ಬೀಳಲಿ. ಚೀನಾದಲ್ಲಿ ಕಂಪನಿಯನ್ನು ಕಟ್ಟಿಹಾಕುವುದು ಮುಖ್ಯವಾಗಿ ಆ ಮೊಹರು; ಮಾರಾಟ ಪ್ರತಿನಿಧಿಯ ಸಹಿಗೆ ಅಷ್ಟು ತೂಕವಿಲ್ಲ.

3. ಟ್ರೇಡ್‌ಮಾರ್ಕನ್ನು ಅಲ್ಲಿಯೂ ನೋಂದಾಯಿಸಿ. ಚೀನಾದಲ್ಲಿ ಮೊದಲು ಬಳಸಿದವನಿಗಿಂತ ಮೊದಲು ಅರ್ಜಿ ಹಾಕಿದವನ ಹಕ್ಕು ದೊಡ್ಡದು. ನಿಮ್ಮ ಹೆಸರನ್ನು ಬೇರೊಬ್ಬರು ನೋಂದಾಯಿಸಿಕೊಂಡರೆ, ನಿಮಗಾಗಿ ತಯಾರಾದ ಸರಕನ್ನೇ ಅಲ್ಲಿನ ಕಸ್ಟಮ್ಸ್ ತಡೆಹಿಡಿಯಬಹುದು. ಬ್ಯಾಸ್ಕೆಟ್‌ಬಾಲ್ ತಾರೆ ಮೈಕೆಲ್ ಜೋರ್ಡನ್ ತನ್ನ ಹೆಸರಿಗಾಗಿ 2012ರಲ್ಲಿ ಶುರುಮಾಡಿದ ಹೋರಾಟದಲ್ಲಿ 2016ರ ಕೊನೆಗೆ ದೊರೆತದ್ದು ಭಾಗಶಃ ಗೆಲುವು. ಭಾರತ 2013ರಲ್ಲಿ ಟ್ರೇಡ್‌ಮಾರ್ಕ್‌ಗಳ ಮ್ಯಾಡ್ರಿಡ್ ಪ್ರೊಟೊಕಾಲ್‌ಗೆ ಸೇರಿರುವುದರಿಂದ ಇಲ್ಲಿಂದಲೇ ಚೀನಾಕ್ಕೆ ಅರ್ಜಿ ಸಲ್ಲಿಸಬಹುದು. ತಡವಾದ ಮೊಕದ್ದಮೆಗಿಂತ ಈ ಶುಲ್ಕ ಬಹಳ ಅಗ್ಗ.

4. ಹಣವನ್ನು ತಪಾಸಣೆಗೆ ಗಂಟು ಹಾಕಿ. ಶೇಕಡ 30 ಮುಂಗಡ, ಹಡಗು ಹತ್ತಿಸುವ ಮುನ್ನ ಶೇಕಡ 70 ಎಂಬುದು ಅಲ್ಲಿನ ರೂಢಿ. ಉಳಿದ ಹಣ ಹೋಗುವುದು ಮೂರನೆಯವರ ತಪಾಸಣೆಯಲ್ಲಿ ಲಾಟು ಪಾಸಾದ ಮೇಲೆಯೇ ಎಂದು ಕರಾರಿನಲ್ಲಿ ಬರೆಯಿರಿ. ಎಸ್‌ಜಿಎಸ್, ಬ್ಯೂರೊ ವೆರಿಟಾಸ್‌ನಂಥ ಸಂಸ್ಥೆಗಳು ಐಎಸ್‌ಒ 2859-1 ಕೋಷ್ಟಕದಂತೆ ಮಾದರಿ ಎತ್ತುತ್ತವೆ. ಉದಾಹರಣೆಗೆ 5,000 ಬಿಡಿಭಾಗಗಳ ಲಾಟಿಗೆ ಸಾಮಾನ್ಯ ತಪಾಸಣಾ ಮಟ್ಟ 2, ಎಕ್ಯೂಎಲ್ (ಒಪ್ಪಬಹುದಾದ ಗುಣಮಟ್ಟದ ಮಿತಿ) 2.5 ಎಂದು ಒಪ್ಪಿದ್ದರೆ 200 ಬಿಡಿಭಾಗಗಳನ್ನು ಪರೀಕ್ಷಿಸುತ್ತಾರೆ. ದೋಷವಿರುವವು ಹತ್ತರೊಳಗಿದ್ದರೆ ಲಾಟು ಪಾಸು, ಹನ್ನೊಂದಾದರೆ ತಿರಸ್ಕೃತ. ವಾದಕ್ಕೆ ಎಡೆಯಿಲ್ಲದ ಇಂಥ ಅಂಕಿ ಇದ್ದರೆ ಜಗಳವೇ ಹುಟ್ಟುವುದಿಲ್ಲ. 'ಒಳ್ಳೆಯ ಗುಣಮಟ್ಟ' ಎಂದಷ್ಟೇ ಬರೆದರೆ ಜಗಳ ಖಚಿತ. ಒಪ್ಪಿದ ಮಾದರಿಯ ಎರಡು ಪ್ರತಿಗೆ ಇಬ್ಬರೂ ಸಹಿ ಮಾಡಿ, ಒಂದನ್ನು ನೀವು ಇಟ್ಟುಕೊಳ್ಳಿ.

5. ವ್ಯಾಜ್ಯದ ಜಾಗವನ್ನು ಯೋಚಿಸಿ ಬರೆಯಿರಿ. 'ಬೆಂಗಳೂರು ನ್ಯಾಯಾಲಯದ ವ್ಯಾಪ್ತಿ' ಎಂಬ ಸಾಲು ಧೈರ್ಯ ಕೊಡುತ್ತದೆ, ಹಣ ಕೊಡಿಸುವುದಿಲ್ಲ. ಭಾರತ, ಚೀನಾ ನಡುವೆ ನ್ಯಾಯಾಲಯದ ತೀರ್ಪುಗಳನ್ನು ಪರಸ್ಪರ ಜಾರಿ ಮಾಡುವ ಏರ್ಪಾಡಿಲ್ಲ. ಆದರೆ ಮಧ್ಯಸ್ಥಿಕೆಯ ತೀರ್ಪುಗಳನ್ನು ಜಾರಿ ಮಾಡಿಸುವ ನ್ಯೂಯಾರ್ಕ್ ಒಡಂಬಡಿಕೆಯಲ್ಲಿ ಎರಡೂ ದೇಶಗಳಿವೆ; 2012ರಲ್ಲಿ ಭಾರತ ಆ ಒಡಂಬಡಿಕೆಯಡಿ ಚೀನಾವನ್ನು ಅಧಿಸೂಚಿಸಿದೆ. ಆದ್ದರಿಂದ ದೊಡ್ಡ ಮೊತ್ತಕ್ಕೆ ಸಿಂಗಪುರ ಅಥವಾ ಹಾಂಗ್‌ಕಾಂಗ್‌ನ ಮಧ್ಯಸ್ಥಿಕೆ ಬರೆಸಿ. ವಿನ್ಯಾಸದ ರಕ್ಷಣೆಗೆ, ತುರ್ತು ತಡೆಯಾಜ್ಞೆ ಬೇಕಾದೀತು ಎಂಬ ಕಾರಣಕ್ಕೆ, ಕಾರ್ಖಾನೆ ಇರುವ ಊರಿನ ಚೀನೀ ನ್ಯಾಯಾಲಯವೇ ಹೆಚ್ಚು ಉಪಯುಕ್ತ.

6. ಎರಡನೆಯ ದಾರಿ ಇಟ್ಟುಕೊಳ್ಳಿ. ಅಚ್ಚುಗಳಿಗೆ ನೀವು ಹಣ ಕೊಟ್ಟಿದ್ದರೆ ಒಡೆತನ ನಿಮ್ಮದು, ಕೇಳಿದಾಗ ಹಿಂದಿರುಗಿಸಬೇಕು ಎಂದು ಬರೆಸಿ. ಯಾವ ಬಿಡಿಭಾಗ ನಿಂತರೆ ನಿಮ್ಮ ಇಡೀ ಉತ್ಪಾದನೆ ನಿಲ್ಲುತ್ತದೋ ಅದಕ್ಕೆ ಕೊಯಮತ್ತೂರು, ರಾಜಕೋಟ್, ತೈವಾನ್ ಎಲ್ಲಿಯಾದರೂ ಇನ್ನೊಬ್ಬ ಪೂರೈಕೆದಾರನನ್ನು ಪರೀಕ್ಷಿಸಿಡಿ. ಸ್ವಲ್ಪ ದುಬಾರಿಯಾದರೂ ಒಂದು ಪಾಲು ಅವನಿಂದ ಕೊಳ್ಳಿ. ರಾಜ್ಯದ ರೇಷ್ಮೆ ರೀಲರ್‌ಗಳ ಹಲವು ಸ್ವಯಂಚಾಲಿತ ಯಂತ್ರಗಳು ಬಂದದ್ದು ಚೀನಾದಿಂದ. ಅಂಥ ಯಂತ್ರ ಕೊಳ್ಳುವಾಗ ಬಿಡಿಭಾಗಗಳ ದಾಸ್ತಾನು, ದುರಸ್ತಿಯ ಕೈಪಿಡಿ, ಇಲ್ಲಿನ ಮೆಕ್ಯಾನಿಕ್‌ಗೆ ತರಬೇತಿ ಇವೂ ಬೆಲೆಯ ಭಾಗವಾಗಬೇಕು. ತಂತ್ರಜ್ಞನ ವೀಸಾ ತಡವಾದರೂ ಯಂತ್ರ ನಿಲ್ಲಬಾರದು.

ಸಂಶೋಧನೆಗೆ ನಾಲ್ಕು ಹೆಜ್ಜೆಗಳು

ಸಂಶೋಧನೆಯಲ್ಲಿ ಕೈಬಿಡುವುದು ಹಣವಲ್ಲ, ಜ್ಞಾನ. ಒಮ್ಮೆ ಕೊಟ್ಟ ಜ್ಞಾನವನ್ನು ಹಿಂದಕ್ಕೆ ಪಡೆಯುವ ದಾರಿಯೇ ಇಲ್ಲ. ಆದ್ದರಿಂದ ಕ್ರಮದ ಮಹತ್ವ ಇಲ್ಲಿ ಇನ್ನೂ ಹೆಚ್ಚು.

1. ವಿಷಯವನ್ನು ಮೊದಲು ವಿಂಗಡಿಸಿ. ಎಲ್ಲ ಸಹಯೋಗವೂ ಒಂದೇ ಅಲ್ಲ. ಎಸ್‌ಕೆಎ ರೇಡಿಯೊ ದೂರದರ್ಶಕ ಯೋಜನೆಯಲ್ಲಿ ಭಾರತವೂ ಚೀನಾವೂ ಸದಸ್ಯರು. ಅಲ್ಲಿ ಮುಕ್ತ ವಿನಿಮಯವೇ ಲಾಭ. ಡ್ರೋನ್ ನಿಯಂತ್ರಣ, ಗೂಢಲಿಪಿ, ಅರೆವಾಹಕ, ರೋಗಾಣು ಇಂಥ ವಿಷಯಗಳಿಗೆ ಸೇನಾ ಬಳಕೆಯ ಮುಖವೂ ಇದೆ. ನಿಮ್ಮ ತಂತ್ರಜ್ಞಾನವು ಕೇಂದ್ರ ಸರ್ಕಾರದ ಸ್ಕೋಮೆಟ್ ಎಂಬ ರಫ್ತು ನಿಯಂತ್ರಣ ಪಟ್ಟಿಯಲ್ಲಿದೆಯೇ ನೋಡಿ. ಇದ್ದರೆ ಇ-ಮೇಲ್‌ನಲ್ಲಿ ಕಳಿಸಿದ ನಕ್ಷೆಯೂ ರಫ್ತೇ ಆಗುತ್ತದೆ.

2. ವಿಶ್ವವಿದ್ಯಾಲಯದ ಹೆಸರಿನ ಹಿಂದೆ ನೋಡಿ. ಬೀಹಾಂಗ್, ಹಾರ್ಬಿನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ನಾರ್ತ್‌ವೆಸ್ಟರ್ನ್ ಪಾಲಿಟೆಕ್ನಿಕಲ್ ಸೇರಿ ಏಳು ವಿಶ್ವವಿದ್ಯಾಲಯಗಳು ಚೀನಾದ ಕೈಗಾರಿಕೆ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಅಡಿಯಲ್ಲಿದ್ದು ರಕ್ಷಣಾ ಉದ್ಯಮದೊಂದಿಗೆ ಗಾಢ ನಂಟು ಹೊಂದಿವೆ. ಆಸ್ಟ್ರೇಲಿಯಾದ ಎಎಸ್‌ಪಿಐ ಸಂಸ್ಥೆ 2019ರಲ್ಲಿ ಪ್ರಕಟಿಸಿದ ರಕ್ಷಣಾ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಆದರೆ ಪಟ್ಟಿಯಷ್ಟೇ ಸಾಲದು: ಪ್ರಯೋಗಾಲಯ ಯಾವುದು, ಹಣ ಯಾರದು, ಹಿಂದಿನ ಪ್ರಬಂಧಗಳಲ್ಲಿ ಸಹಲೇಖಕರು ಯಾರು ಎಂದು ಓದಿ ನೋಡಿ. ಅರ್ಧ ದಿನದ ಈ ಓದು ವರ್ಷಗಳ ಚಿಂತೆ ತಪ್ಪಿಸುತ್ತದೆ.

3. ಅನುಮತಿ ಮೊದಲು, ಮಾದರಿ ಆಮೇಲೆ. ಚೀನಾದ ಸಂಸ್ಥೆಗಳೊಂದಿಗೆ ಒಡಂಬಡಿಕೆಗೆ ಗೃಹ ಮತ್ತು ವಿದೇಶಾಂಗ ಸಚಿವಾಲಯಗಳ ಪೂರ್ವಾನುಮತಿ ಬೇಕೆಂದು ಯುಜಿಸಿ 2019ರಲ್ಲೇ ತಿಳಿಸಿದೆ. ಸಸ್ಯ, ಪ್ರಾಣಿ, ಸೂಕ್ಷ್ಮಜೀವಿ ಮಾದರಿಗಳಿಗೆ 2002ರ ಜೀವವೈವಿಧ್ಯ ಕಾಯ್ದೆ, ಆರೋಗ್ಯ ಸಂಶೋಧನೆಗೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿ ಇವೆ. ನಾಗಾಲ್ಯಾಂಡ್‌ನ ಬಾವಲಿಗಳ ಕುರಿತ ಅಧ್ಯಯನವೊಂದು 2019ರಲ್ಲಿ ಪ್ರಕಟವಾದಾಗ ಬೆಂಗಳೂರಿನ ಎನ್‌ಸಿಬಿಎಸ್ ವಿಜ್ಞಾನಿಗಳೊಂದಿಗೆ ವುಹಾನ್ ಸಂಶೋಧಕರ ಹೆಸರೂ ಇತ್ತು. ಅನುಮತಿಯ ಬಗ್ಗೆ ವಿಚಾರಣೆ ನಡೆಯಿತು. ಮಾದರಿಗಳು ದೇಶದ ಹೊರಗೆ ಹೋಗಿಲ್ಲ ಎಂದು ಸಂಸ್ಥೆ ಸ್ಪಷ್ಟಪಡಿಸಿತು. ಯಾರು ಏನು ಕೊಟ್ಟರು, ಏನು ಪಡೆದರು ಎಂಬ ಕಡತ ಕೆಲಸದ ಮೊದಲ ದಿನದಿಂದಲೇ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪಾಠ ಬೇಡ.

4. ಪೇಟೆಂಟಿನ ಪಾಲನ್ನು ಮೊದಲೇ ಬರೆಯಿರಿ. ಭಾರತದ ನಿವಾಸಿ ಮೊದಲು ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು, ಇಲ್ಲವೇ ಅನುಮತಿ ಪಡೆದು ಹೊರದೇಶದಲ್ಲಿ ಅರ್ಜಿ ಹಾಕಬೇಕು; ಇದು ಪೇಟೆಂಟ್ ಕಾಯ್ದೆಯ 39ನೇ ಕಲಮಿನ ಮಾತು. ಚೀನಾದಲ್ಲಿ ಪೂರ್ಣಗೊಂಡ ಆವಿಷ್ಕಾರಕ್ಕೆ ಅಲ್ಲಿಯೂ ಗೋಪ್ಯತಾ ಪರಿಶೀಲನೆ ಇದೆ. ಎರಡೂ ಕಡೆ ಮಾಡಿದ ಕೆಲಸ ಎರಡೂ ಕಾನೂನಿಗೆ ಸಿಲುಕುತ್ತದೆ. ಇನ್ನೊಂದು ವ್ಯತ್ಯಾಸ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಜಂಟಿ ಪೇಟೆಂಟಿನ ಒಬ್ಬ ಒಡೆಯ ಭಾರತದಲ್ಲಿ ಇನ್ನೊಬ್ಬನ ಒಪ್ಪಿಗೆಯಿಲ್ಲದೆ ಪರವಾನಗಿ ಕೊಡುವಂತಿಲ್ಲ. ಚೀನಾದಲ್ಲಿ, ಬೇರೆ ಕರಾರಿಲ್ಲದಿದ್ದರೆ, ಸಾಮಾನ್ಯ ಪರವಾನಗಿ ಕೊಡಬಹುದು, ಬಂದ ಹಣ ಹಂಚಿಕೊಂಡರೆ ಸಾಕು. ಈ ಬಗ್ಗೆ ಮೌನವಾಗಿರುವ ಒಡಂಬಡಿಕೆ ನಿಮಗೆ ವಿರುದ್ಧವಾಗಿ ಕೆಲಸ ಮಾಡುತ್ತದೆ. ದತ್ತಾಂಶದ ಒಂದು ಪೂರ್ಣ ಪ್ರತಿ ಭಾರತದಲ್ಲೇ ಇರಬೇಕು ಎಂದೂ ಬರೆಯಿರಿ. 2021ರ ದತ್ತಾಂಶ ಭದ್ರತಾ ಕಾನೂನಿನ ನಂತರ ಚೀನಾದಿಂದ ದತ್ತಾಂಶ ಹೊರತರುವುದು ಕಷ್ಟವಾಗಬಹುದು.

ಪದೇ ಪದೇ ಆಗುವ ತಪ್ಪುಗಳು

- ಬ್ಯಾಂಕಿನ ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್) ಇದ್ದರೆ ಸರಕಿಗೂ ಖಾತರಿ ಎಂದು ತಿಳಿಯುವುದು. ಬ್ಯಾಂಕು ನೋಡುವುದು ಕಾಗದವನ್ನು, ಸರಕನ್ನಲ್ಲ. ತಪಾಸಣೆಯ ಪ್ರಮಾಣಪತ್ರವನ್ನೂ ಎಲ್‌ಸಿಯ ದಾಖಲೆಗಳ ಪಟ್ಟಿಗೆ ಸೇರಿಸಿ.
- 'ನಮ್ಮ ಖಾತೆ ಬದಲಾಗಿದೆ' ಎಂಬ ಇ-ಮೇಲ್ ನಂಬಿ ಹಣ ಕಳಿಸುವುದು. ಹ್ಯಾಕ್ ಆದ ಮೇಲ್‌ಗಳಿಂದ ಆಗುವ ಮೋಸ ಇದು. ಮೊದಲಿನಿಂದ ಗೊತ್ತಿರುವ ದೂರವಾಣಿಗೆ ಕರೆ ಮಾಡಿ. ಖಾತೆಯ ಹೆಸರು ಪರವಾನಗಿಯ ಹೆಸರಿಗೆ ತಾಳೆಯಾಗದಿದ್ದರೆ ಕಳಿಸಬೇಡಿ.
- ಚೀನೀ ಹೊಸವರ್ಷದ ಅಂಚಿಗೆ ಸರಕು ಕೇಳುವುದು. ಜನವರಿ-ಫೆಬ್ರುವರಿಯ ಆ ರಜೆಗೆ ಕಾರ್ಮಿಕರು ಊರಿಗೆ ಹೋಗುತ್ತಾರೆ, ಹಲವರು ಮರಳುವುದಿಲ್ಲ. ರಜೆಯ ಮುಂಚಿನ ಅವಸರ, ನಂತರದ ಹೊಸ ಕೈ ಎರಡರಲ್ಲೂ ದೋಷ ಹೆಚ್ಚುತ್ತದೆ.
- ಬಿಐಎಸ್ ಗುರುತು ಬೇಕೇ, ಆ್ಯಂಟಿ ಡಂಪಿಂಗ್ ಸುಂಕ ಇದೆಯೇ ಎಂದು ಸರಕು ಬಂದರಿಗೆ ಬಂದ ಮೇಲೆ ವಿಚಾರಿಸುವುದು. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಆರ್ಡರ್ ಕೊಡುವ ವಾರದಲ್ಲೇ ಕಸ್ಟಮ್ಸ್ ಏಜೆಂಟ್ ಬಳಿ ಕೇಳಿ.
- ಪೂರ್ಣ ದತ್ತಾಂಶವಿರುವ ಲ್ಯಾಪ್‌ಟಾಪ್ ಹೊತ್ತು ಪ್ರಯಾಣ ಮಾಡುವುದು. ಚೀನಾದ ಬೇಹುಗಾರಿಕೆ ತಡೆ ಕಾನೂನು 2023ರಲ್ಲಿ ಇನ್ನಷ್ಟು ವಿಸ್ತಾರವಾಗಿದೆ. ಆ ಭೇಟಿಗೆ ಬೇಕಾದಷ್ಟೇ ಕಡತ ಒಯ್ಯಿರಿ.

ಮೂರು ಆಕ್ಷೇಪಗಳು

ಇಷ್ಟು ತಾಪತ್ರಯವಿದ್ದರೆ ದೂರವಿರುವುದೇ ಮೇಲಲ್ಲವೇ ಎಂದು ಕೇಳಬಹುದು. ದೇಶದ ಭದ್ರತೆಗೆ ನೇರ ಸಂಬಂಧಿಸಿದ ವಿಷಯಗಳಲ್ಲಿ ದೂರವಿರುವುದೇ ಸರಿ. ಉಳಿದೆಡೆ ಅದು ಆಗದ ಮಾತು. ಗಲ್ವಾನ್ ನಂತರ ಇಷ್ಟೆಲ್ಲ ನಿರ್ಬಂಧ ಬಂದರೂ ಚೀನಾದಿಂದ ನಮ್ಮ ವಾರ್ಷಿಕ ಆಮದು 10,000 ಕೋಟಿ ಡಾಲರ್ ದಾಟಿದೆ. ಔಷಧದ ಕಚ್ಚಾವಸ್ತು, ಮೊಬೈಲ್ ಬಿಡಿಭಾಗ, ಸೌರಕೋಶ ಎಲ್ಲದರಲ್ಲೂ ಆ ದೇಶದ ಪಾಲಿದೆ. ನೇರ ಕೊಳ್ಳದಿದ್ದರೆ ಅದೇ ಭಾಗ ಬೇರೊಂದು ದೇಶದ ಹೆಸರು ಹೊತ್ತು ಬರುತ್ತದೆ. ಅವಲಂಬನೆ ಹಾಗೆಯೇ ಉಳಿದು, ನಮ್ಮ ಕಣ್ಣಿಗೆ ಕಾಣದಂತಾಗುತ್ತದೆ. ಕಾಣದ ಅವಲಂಬನೆಗೆ ಪರ್ಯಾಯ ಹುಡುಕಲು ಬರುವುದಿಲ್ಲ.

ಇಷ್ಟು ಷರತ್ತು ಹಾಕಿದರೆ ಸಂಬಂಧ ಕೆಡುತ್ತದೆ ಎಂಬುದು ಎರಡನೆಯ ಆಕ್ಷೇಪ. ಚೀನಾದ ವ್ಯಾಪಾರದಲ್ಲಿ ವೈಯಕ್ತಿಕ ನಂಟಿಗೆ ಬೆಲೆಯಿದೆ, ಊಟದ ಮೇಜಿನಲ್ಲಿ ಬೆಳೆದ ವಿಶ್ವಾಸ ಕೆಲಸಕ್ಕೆ ಬರುತ್ತದೆ. ಆದರೆ ಯುರೋಪ್, ಜಪಾನ್‌ನ ಗ್ರಾಹಕರಿಗೆ ಸರಕು ಮಾಡುವ ಕಾರ್ಖಾನೆಗಳಿಗೆ ತಪಾಸಣೆ, ಮೊಹರು, ದಂಡದ ಕಲಮು ಯಾವುದೂ ಹೊಸತಲ್ಲ. ಇವನ್ನು ಕೇಳಿದಾಗ ಮುನಿಸಿಕೊಳ್ಳುವ ಪೂರೈಕೆದಾರ ಹಣ ಕಟ್ಟುವ ಮುನ್ನವೇ ನಿಮಗೊಂದು ಉಪಯುಕ್ತ ಮಾಹಿತಿ ಕೊಟ್ಟಂತೆ. ಪಾಲುದಾರರ ರಾಷ್ಟ್ರೀಯತೆಯನ್ನು ಶಂಕಿಸುವುದು ಅನ್ಯಾಯ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವುದು ಶಿಸ್ತು.

ಸಣ್ಣವರಿಗೆ ಇದರ ಖರ್ಚು ತಾಳದು ಎಂಬ ಮೂರನೆಯ ಆಕ್ಷೇಪದಲ್ಲಿ ಹುರುಳಿದೆ. ಹಾಗಾಗಿ ಎಚ್ಚರಿಕೆಯನ್ನು ನಷ್ಟದ ಗಾತ್ರಕ್ಕೆ ಹೊಂದಿಸಿ. ಹೋದರೂ ತಡೆದುಕೊಳ್ಳಬಲ್ಲ ಮೊತ್ತಕ್ಕೆ ಕಂಪನಿ ಪರಿಶೀಲನೆ, ಖಾತೆ ತಾಳೆ, ಸಹಿ ಮಾಡಿದ ಮಾದರಿ ಈ ಮೂರೇ ಸಾಕು, ಇವಕ್ಕೆ ಹೆಚ್ಚು ಹಣ ಬೇಡ. ಉಳಿತಾಯವನ್ನೇ ಪಣಕ್ಕಿಡುವ ಮೊತ್ತಕ್ಕೆ ಮೂರನೆಯವರ ತಪಾಸಣೆ, ಚೀನೀ ಭಾಷೆಯ ಕರಾರು ಬೇಕೇ ಬೇಕು. ಒಂದೇ ಬಗೆಯ ಸರಕು ತರಿಸುವ ನಾಲ್ಕಾರು ಉದ್ಯಮಿಗಳು ಕೂಡಿಕೊಂಡು ಒಬ್ಬ ವಕೀಲರನ್ನೂ ಒಬ್ಬ ತಪಾಸಣೆಗಾರರನ್ನೂ ಗೊತ್ತು ಮಾಡಿಕೊಳ್ಳಬಹುದು. ಕಾಸಿಯಾದಂಥ ಸಣ್ಣ ಕೈಗಾರಿಕೆಗಳ ಸಂಘಗಳು ಈ ಹೊಣೆ ಹೊತ್ತರೆ ಸದಸ್ಯರಿಗೆ ದೊಡ್ಡ ಉಪಕಾರ. ವಿಶ್ವವಿದ್ಯಾಲಯಗಳೂ ಅನುಮತಿಯ ಕೆಲಸವನ್ನು ಒಂಟಿ ಪ್ರಾಧ್ಯಾಪಕರ ತಲೆಗೆ ಕಟ್ಟದೆ ಅದಕ್ಕೊಂದು ಕಚೇರಿ ತೆರೆಯಬೇಕು.

ಮುಂದಿನ ಮಾತುಕತೆಗೆ ಕೂರುವ ಮುನ್ನ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಇದನ್ನು ಈಗಲೇ ಕೊಡಬಹುದು, ಇಂಥ ಖಾತರಿಯ ಮೇಲೆ ಕೊಡಬಹುದು, ಯಾವ ಕಾರಣಕ್ಕೂ ಕೊಡಲಾಗದು. ಬೆಲೆಯ ಚೌಕಾಸಿ ಶುರುವಾದ ಮೇಲೆ ಈ ಗೆರೆಗಳನ್ನು ಎಳೆಯಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಆದ್ದರಿಂದ ಹಾಳೆ ತುಂಬಿದ ಮೇಲೆಯೇ ಮೊದಲ ಇ-ಮೇಲ್ ಕಳಿಸಿ.